ಹರವಿ, ಫ್ರಿಜ್ಜು, ಕಸದ ಗಾಡಿ: ಎಂಟ್ರೋಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಪ್ರತಿ ವರ್ಷ ಥರ್ಮೋಡೈನಮಿಕ್ಸ್ ಪಾಠ ಶುರುವಾದ ವಾರ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಕ್ಲಾಸಿನಲ್ಲಿ ಎದ್ದು ನಿಂತು ಕೇಳುವವರು ಕಡಿಮೆ. ಪಾಠ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡ್ ಹತ್ತಿರ ಕೇಳುವವರು, ರಾತ್ರಿ ವಾಟ್ಸಾಪಿನಲ್ಲಿ ಕೇಳುವವರು ಜಾಸ್ತಿ. ಕೆಲವು ಪ್ರಶ್ನೆ ಮಕ್ಕಳವೇ ಅಲ್ಲ, ಅವರ ಅಪ್ಪ, ಅಜ್ಜಂದಿರವು. ಪ್ರತಿ ಸಲ ಹೊಸದಾಗಿ ಟೈಪ್ ಮಾಡಿ ಬೆರಳು ನೋಯಿಸಿಕೊಳ್ಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಎಂಟ್ರೋಪಿ ಅಂದರೆ ಏನು? ಒಂದೇ ಸಾಲಿನಲ್ಲಿ ಹೇಳಿ, ಮೇಡಂ.

ಒಂದೇ ಸಾಲಿನಲ್ಲಿ ಹೇಳಿದರೆ ಬಾಯಿಪಾಠ ಆಗುತ್ತದೆ, ಅರ್ಥ ಆಗುವುದಿಲ್ಲ. ಚಹಾದಿಂದ ಶುರು ಮಾಡೋಣ.

ಕಪ್ಪಿನಲ್ಲಿ 80 ಡಿಗ್ರಿ ಬಿಸಿಯ ಚಹಾ ಇದೆ. ಕೋಣೆ 30 ಡಿಗ್ರಿ. ಚಹಾದಿಂದ 1,000 ಜೂಲ್ ಶಾಖ ಕೋಣೆಗೆ ಹೋಯಿತು ಅನ್ನಿ. ಎಂಟ್ರೋಪಿ ಎಷ್ಟು ಬದಲಾಯಿತು ಅಂತ ನೋಡಲು ಆ ಶಾಖವನ್ನು ತಾಪಮಾನದಿಂದ ಭಾಗಿಸಬೇಕು. ತಾಪಮಾನ ಕೆಲ್ವಿನ್‌ನಲ್ಲಿ ಇರಬೇಕು, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಿ. ಚಹಾ 353 ಕೆಲ್ವಿನ್. 1,000ವನ್ನು 353ರಿಂದ ಭಾಗಿಸಿದರೆ 2.83. ಚಹಾ ಕಳೆದುಕೊಂಡದ್ದು ಅಷ್ಟು. ಕೋಣೆ 303 ಕೆಲ್ವಿನ್. 1,000ವನ್ನು 303ರಿಂದ ಭಾಗಿಸಿದರೆ 3.30. ಕೋಣೆಗೆ ಸಿಕ್ಕಿದ್ದು ಅಷ್ಟು.

ಸಾಗಿದ ಶಾಖ ಅದೇ 1,000 ಜೂಲ್. ಆದರೆ ಕೊಟ್ಟವರ ಖಾತೆಯಲ್ಲಿ 2.83 ಕಳೆದಿದೆ, ತೆಗೆದುಕೊಂಡವರ ಖಾತೆಯಲ್ಲಿ 3.30 ಸೇರಿದೆ. ನಡುವಿನ 0.47 ಎಲ್ಲಿಂದಲೂ ಬಂದದ್ದಲ್ಲ. ಶಾಖ ಹರಿಯುವಾಗ ಹೊಸದಾಗಿ ಹುಟ್ಟಿದ್ದು. (ಅಷ್ಟರಲ್ಲಿ ಚಹಾ ಒಂದೆರಡು ಡಿಗ್ರಿ ಆರಿರುತ್ತದೆ. ಸದ್ಯ ಅದನ್ನು ಬಿಡಿ.)

ಹೀಗೆ ಭಾಗಿಸಿ ನೋಡಬೇಕು ಅಂತ ತೋರಿಸಿದವರು ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್. ಎಂಟ್ರೋಪಿ ಅಂತ ಹೆಸರಿಟ್ಟವರೂ ಅವರೇ, 1865ರಲ್ಲಿ. ಮಾರ್ಪಾಡು ಅನ್ನುವ ಅರ್ಥದ ಗ್ರೀಕ್ ಪದ ಹಿಡಿದು, ಎನರ್ಜಿ ಪದಕ್ಕೆ ಪ್ರಾಸ ಕೂಡುವ ಹಾಗೆ ಬೇಕಂತಲೇ ಕಟ್ಟಿದ ಹೆಸರು ಅದು. ಆ ಪ್ರಾಸದಿಂದ ನನ್ನ ಮಕ್ಕಳಿಗೆ ಆದ ಗೊಂದಲ ಅಷ್ಟಿಷ್ಟಲ್ಲ. ಎರಡೂ ಒಂದೇ ಅಂತ ಬರೆದು ಬರುತ್ತಾರೆ.

ಹಾಗಾದರೆ ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮ?

ಆ ನಡುವಿನ 0.47 ಇದೆಯಲ್ಲ, ಅದು ಯಾವತ್ತೂ ಮೈನಸ್ ಆಗುವುದಿಲ್ಲ. ಎರಡನೇ ನಿಯಮ ಅಂದರೆ ಇಷ್ಟೇ.

ಓಪನ್, ಕ್ಲೋಸ್ಡ್, ಐಸೋಲೇಟೆಡ್: ಈ ಮೂರು ಥರದ ವ್ಯವಸ್ಥೆಗಳ ನಡುವೆ ವ್ಯತ್ಯಾಸ ಏನು?

ಪೇಡೆಗೆ ಹಾಲು ಬತ್ತಿಸುವ ಬಾಣಲೆ ತೆರೆದ ವ್ಯವಸ್ಥೆ. ಒಲೆಯಿಂದ ಶಾಖ ಒಳಗೆ ಬರುತ್ತದೆ, ಹಬೆಯಾಗಿ ನೀರು ಹೊರಗೆ ಹೋಗುತ್ತದೆ. ವಸ್ತುವೂ ಗಡಿ ದಾಟುತ್ತದೆ, ಶಕ್ತಿಯೂ ದಾಟುತ್ತದೆ. ಇನ್ನೂ ಸೀಟಿ ಹೊಡೆಯದ ಕುಕ್ಕರ್ ಮುಚ್ಚಿದ ವ್ಯವಸ್ಥೆ. ಶಾಖ ಮಾತ್ರ ದಾಟುತ್ತದೆ. ಎರಡೂ ದಾಟದಿದ್ದರೆ ಅದು ಬೇರ್ಪಟ್ಟ ವ್ಯವಸ್ಥೆ. ಬಾಯಿ ಬಿಗಿದ ಥರ್ಮಾಸ್ ಫ್ಲಾಸ್ಕ್ ಅದರ ಹತ್ತಿರಕ್ಕೆ ಬರುತ್ತದೆ. ಪೂರ್ತಿ ಬೇರ್ಪಟ್ಟದ್ದು ಭೂಮಿ ಮೇಲೆ ಸಿಗುವುದಿಲ್ಲ.

‘ಎಂಟ್ರೋಪಿ ಯಾವಾಗಲೂ ಹೆಚ್ಚುತ್ತದೆ’ ಅನ್ನುವ ಸಾಲನ್ನು ಎಲ್ಲರೂ ಕೇಳಿರುತ್ತೀರಿ. ಅದು ಬೇರ್ಪಟ್ಟ ವ್ಯವಸ್ಥೆಗೆ ಹೇಳಿದ ಮಾತು. ಆ ಷರತ್ತನ್ನು ಬಿಟ್ಟು ಬರೀ ಸಾಲನ್ನು ಹೇಳಿದಾಗಲೇ ಜಗಳ ಶುರುವಾಗುವುದು.

ತೆರೆದ ವ್ಯವಸ್ಥೆಗೆ ಎರಡನೇ ನಿಯಮ ಅನ್ವಯ ಆಗುವುದಿಲ್ಲ ಅಲ್ವಾ?

ಆಗುತ್ತದೆ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ನಿಮ್ಮ ಮನೆಯ ಕಸ ನೆನೆಸಿಕೊಳ್ಳಿ. ಬೆಳಿಗ್ಗೆ ಕಾಯಿಪಲ್ಲೆ ಹೆಚ್ಚಿದ ಸಿಪ್ಪೆ, ಹಾಲಿನ ಪಾಕೀಟು, ಮಧ್ಯಾಹ್ನ ಕೊರಿಯರ್ ಬಂದ ರಟ್ಟಿನ ಡಬ್ಬಿ. ಕಸ ದಿನವೂ ಹುಟ್ಟುತ್ತದೆ. ಮರುದಿನ ಹಾಡು ಹಾಕಿಕೊಂಡು ಕಸದ ಗಾಡಿ ಬರುತ್ತದೆ, ಬಕೆಟ್ ಒಯ್ದು ಸುರಿಯುತ್ತೀರಿ. ಮನೆಯಲ್ಲಿ ಕಸ ಕಡಿಮೆ ಆಯಿತು. ಅಂದರೆ ನಿಮ್ಮ ಮನೆ ಕಸವನ್ನು ನಾಶ ಮಾಡಿತಾ? ಇಲ್ಲ, ಹೊರಗೆ ಕಳಿಸಿತು.

ಕಸದ ಲೆಕ್ಕ ಬರೆದರೆ ಮೂರು ಕಲಮು ಬೇಕು. ಹೊರಗಿನಿಂದ ಒಳಗೆ ಬಂದದ್ದು. ಒಳಗಿನಿಂದ ಹೊರಗೆ ಹೋದದ್ದು. ಒಳಗೇ ಹುಟ್ಟಿದ್ದು. ಮೊದಲ ಎರಡು ಹೇಗೆ ಬೇಕಾದರೂ ಇರಬಹುದು. ಮೂರನೆಯದು ಸೊನ್ನೆ ಇರಬಹುದು, ಜಾಸ್ತಿ ಇರಬಹುದು, ಸೊನ್ನೆಗಿಂತ ಕೆಳಗೆ ಇಳಿಯುವ ಹಾಗಿಲ್ಲ. ಎಂಟ್ರೋಪಿ ಲೆಕ್ಕವೂ ಹೀಗೆಯೇ. ಬೆಲ್ಜಿಯಂನ ಇಲ್ಯಾ ಪ್ರಿಗೊಜಿನ್ ತೆರೆದ ವ್ಯವಸ್ಥೆಗಳನ್ನು ಜೀವನವಿಡೀ ಅಭ್ಯಾಸ ಮಾಡಿ 1977ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಅವರು ಲೆಕ್ಕ ಇಟ್ಟದ್ದೂ ಈ ಕ್ರಮದಲ್ಲೇ: ಗಡಿ ದಾಟಿದ್ದು ಬೇರೆ, ಒಳಗೆ ಹುಟ್ಟಿದ್ದು ಬೇರೆ.

ಹಾಗಾಗಿ ತೆರೆದ ವ್ಯವಸ್ಥೆಯಲ್ಲಿ ಒಟ್ಟು ಎಂಟ್ರೋಪಿ ಇಳಿಯಬಹುದು, ಏರಬಹುದು, ಇದ್ದಷ್ಟೇ ಇರಬಹುದು. ನಿಯಮ ಕಾವಲು ಕೂತಿರುವುದು ಮೂರನೇ ಕಲಮಿನ ಮೇಲೆ ಮಾತ್ರ.

ಈ ಹೋಲಿಕೆಯಲ್ಲಿ ಒಂದು ಮೋಸ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸಿಪ್ಪೆಯನ್ನು ಗೊಬ್ಬರ ಮಾಡಬಹುದು, ರಟ್ಟನ್ನು ರದ್ದಿಗೆ ಹಾಕಬಹುದು. ಎಂಟ್ರೋಪಿಗೆ ಅಂಥ ರದ್ದಿ ಅಂಗಡಿ ಇಲ್ಲ. ಒಮ್ಮೆ ಹುಟ್ಟಿದರೆ ಹುಟ್ಟಿತು. ಅದನ್ನು ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಸರಿಸಬಹುದು, ಅಷ್ಟೇ.

ಕರೆಂಟೇ ಇಲ್ಲದೆ ಹರವಿಯ (ಮಣ್ಣಿನ ಗಡಿಗೆಯ) ನೀರು ಹೇಗೆ ತಂಪಾಗುತ್ತದೆ? ಅಲ್ಲಿ ಎಂಟ್ರೋಪಿ ತಾನಾಗಿಯೇ ಇಳಿಯಿತಲ್ಲ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಕೇಳಿದವಳು ಹುಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಹೋದ ಬೇಸಿಗೆಯಲ್ಲಿ ಅವಳೂ ನಾನೂ ಕೂತು ಲೆಕ್ಕವನ್ನೇ ಹಾಕಿದೆವು.

ಮೇ ತಿಂಗಳು. ಟ್ಯಾಂಕಿನ ನೀರು 36 ಡಿಗ್ರಿ. 10 ಲೀಟರ್ ತುಂಬಿದ ಹರವಿಯನ್ನು ಅಡಿಗೆಮನೆ ಮೂಲೆಯಲ್ಲಿ ಮರಳಿನ ಮೇಲೆ ಇಟ್ಟಿರಿ. ಒಂದಷ್ಟು ಹೊತ್ತಿಗೆ ಹರವಿಯ ಹೊರಮೈ ಒದ್ದೆ ಒದ್ದೆ. ಕೈ ಇಟ್ಟರೆ ತಂಪು. ಸಂಜೆಗೆ ನೀರು 26 ಡಿಗ್ರಿಗೆ ಇಳಿದಿದೆ ಅನ್ನೋಣ. 10 ಡಿಗ್ರಿ ಇಳಿಯಲು ಆ ನೀರಿನಿಂದ ಸುಮಾರು 419 ಕಿಲೋಜೂಲ್ ಶಾಖ ಹೊರಗೆ ಹೋಗಬೇಕು. ನೀರಿನ ಎಂಟ್ರೋಪಿ ಸುಮಾರು 1.4 ಕಿಲೋಜೂಲ್ ಪ್ರತಿ ಕೆಲ್ವಿನ್‌ನಷ್ಟು ಇಳಿಯುತ್ತದೆ. ಇಳಿದದ್ದು ನಿಜ, ಅನುಮಾನ ಬೇಡ.

ಆದರೆ ಎಲ್ಲಿ ಹೋಯಿತು? ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗುತ್ತದೆ, ಅಲ್ಲಿ ಆವಿಯಾಗುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಬೇಕು. ಲೆಕ್ಕ ಮಾಡಿದರೆ 170 ಗ್ರಾಂ ಆವಿಯಾದರೆ ಸಾಕು, ಒಂದು ದೊಡ್ಡ ಕಪ್ ಚಹಾದಷ್ಟು. ಅಡಿಗೆಮನೆ ಬಿಸಿ ಸುಮ್ನೆ ಕೂರುವುದಿಲ್ಲ, ಹೊರಗಿನಿಂದ ಹರವಿಯನ್ನು ಕಾಯಿಸುತ್ತಲೇ ಇರುತ್ತದೆ. ಹಾಗಾಗಿ ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಆವಿಯಾಗುತ್ತದೆ. ಒಳಗಿನ ನೀರು ಕಳೆದುಕೊಂಡ 1.4ನ್ನು ಆ ಆವಿ ಹೊತ್ತುಕೊಂಡು ಹೋಗುತ್ತದೆ. ಅದರ ಮೇಲೆ, ಒಣ ಗಾಳಿಯಲ್ಲಿ ಹರಡಿಕೊಳ್ಳುವಾಗ ಇನ್ನಷ್ಟು ಎಂಟ್ರೋಪಿ ಹುಟ್ಟುತ್ತದೆ. ಒಟ್ಟು ಲೆಕ್ಕ ಪ್ಲಸ್.

‘ಒಣ ಗಾಳಿ’ ಅನ್ನುವ ಮಾತನ್ನು ಗಟ್ಟಿ ಹಿಡಿದುಕೊಳ್ಳಿ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ಅದೇ ಹರವಿ ಅಷ್ಟು ತಂಪು ಮಾಡುವುದಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಆವಿಗೆ ಹರಡಲು ಜಾಗ ಇಲ್ಲ. ಹರವಿಯೂ ಅದೇ, ಮಣ್ಣೂ ಅದೇ. ಕಸದ ಗಾಡಿ ಬಂದಿಲ್ಲ, ಅಷ್ಟೇ.

ಫ್ರಿಜ್ ಬಾಗಿಲು ತೆಗೆದಿಟ್ಟರೆ ಕೋಣೆ ತಂಪಾಗುತ್ತದಾ?

ಚಿಕ್ಕವರಿದ್ದಾಗ ನಾನೂ ನನ್ನ ತಮ್ಮನೂ ಇದನ್ನು ಮಾಡಿ ನೋಡಿದ್ದೇವೆ. ಮಧ್ಯಾಹ್ನ ಅವ್ವ ಮಲಗಿದ್ದಳು. ಅಡಿಗೆಮನೆ ಬಾಗಿಲು ಹಾಕಿ, ಫ್ರಿಜ್ ಬಾಗಿಲು ತೆಗೆದು, ಎದುರಿಗೆ ಚಾಪೆ ಹಾಸಿಕೊಂಡು ಇಬ್ಬರೂ ಮಲಗಿದೆವು. ಮೊದಲ ಐದು ನಿಮಿಷ ಸ್ವರ್ಗ. ಆಮೇಲೆ ಫ್ರಿಜ್ ಗುಂಯ್ ಅನ್ನುವುದನ್ನು ನಿಲ್ಲಿಸಲೇ ಇಲ್ಲ. ಅರ್ಧ ಗಂಟೆಗೆ ಕೋಣೆ ಮೊದಲಿಗಿಂತ ಸೆಕೆ. ಎದ್ದು ಬಂದ ಅವ್ವ ಹೇಳಿದ್ದು ಇನ್ನೂ ನೆನಪಿದೆ: “ಓಣಿಗೆಲ್ಲಾ ತಂಪ ಮಾಡಾಕ ಹೊಂಟೀರೇನ? ಹಿಂದ ಕೈ ಇಟ್ಟ ನೋಡ, ಸುಡಾಕತ್ತೈತಿ.”

ಹಿಂದೆ ಕೈ ಇಟ್ಟು ನೋಡು ಅಂದಳಲ್ಲ, ಅಲ್ಲೇ ಇದೆ ಉತ್ತರ. ಫ್ರಿಜ್ ಒಳಗೆ 4 ಡಿಗ್ರಿ, ಅಂದರೆ 277 ಕೆಲ್ವಿನ್. ಕೋಣೆ 35 ಡಿಗ್ರಿ, ಅಂದರೆ 308. ಒಳಗಿಂದ 100 ಜೂಲ್ ಶಾಖ ತೆಗೆದರೆ ಒಳಗಿನ ಎಂಟ್ರೋಪಿ 0.361 ಇಳಿಯುತ್ತದೆ. ಹೊರಗೆ ಕನಿಷ್ಠ ಅಷ್ಟಾದರೂ ಏರಬೇಕು. 0.361ನ್ನು 308ರಿಂದ ಗುಣಿಸಿದರೆ 111. ಅಂದರೆ 100 ಜೂಲ್ ಒಳಗಿಂದ ತೆಗೆದವರು 111 ಜೂಲ್ ಹೊರಗೆ ಹಾಕಲೇಬೇಕು. ಮೇಲಿನ 11 ಜೂಲ್ ಕರೆಂಟಿನಿಂದ ಬರಬೇಕು. ಎಷ್ಟೇ ಸ್ಟಾರ್ ಇರುವ ಫ್ರಿಜ್ ತಂದರೂ ಇದಕ್ಕಿಂತ ಕಡಿಮೆಗೆ ಕೆಲಸ ಆಗುವುದಿಲ್ಲ. ಮನೆಗಳಲ್ಲಿರುವ ಫ್ರಿಜ್ಜಿಗೆ ಇದರ ಹಲವು ಪಟ್ಟು ಬೇಕು.

ಬಾಗಿಲು ತೆಗೆದಿಟ್ಟರೆ ಒಳಗೂ ಹೊರಗೂ ಒಂದೇ ಕೋಣೆ. ತೆಗೆದ ಶಾಖ ಅಲ್ಲೇ ಬೀಳುತ್ತದೆ, ಮೇಲೆ ಕರೆಂಟಿನ ಶಾಖ ಬೇರೆ. ಚಿಗರಿ ಬಸ್ಸಿನ ಎಸಿ ಒಳಗಿನವರಿಗೆ ತಂಪು ಕೊಟ್ಟು ಹೊರಗೆ ಬಿಸಿ ಗಾಳಿ ಊದುವುದೂ ಇದೇ ಕಾರಣಕ್ಕೆ. ಬಿಸಿಯನ್ನು ಎಸೆಯಲು ಬೇರೆ ಅಂಗಳ ಬೇಕು.

ಎಂಟ್ರೋಪಿ ಅಂದರೆ ಅವ್ಯವಸ್ಥೆ ಅಂತ ಓದಿದ್ದೇವೆ. ಸರಿನಾ?

ಅರ್ಧ ಸರಿ. ಆ ಉಳಿದ ಅರ್ಧದಿಂದ ಬಹಳ ಹಾನಿ ಆಗಿದೆ. ‘ನನ್ನ ರೂಮಿನ ಎಂಟ್ರೋಪಿ ಜಾಸ್ತಿ ಆಗಿದೆ ಮೇಡಂ’ ಅನ್ನುವ ಜೋಕು ಪ್ರತಿ ಬ್ಯಾಚಿನಲ್ಲೂ ಒಬ್ಬ ಹೇಳುತ್ತಾನೆ. ನಾನೂ ಪ್ರತಿ ಸಲ ನಗುತ್ತೇನೆ.

ಎಣಿಕೆ ಅಂದರೆ ಹೆಚ್ಚು ಸರಿ. ಗಿರ್ಮಿಟ್ ಅಂಗಡಿಗೆ ಹೋಗೋಣ. ಒಂದು ಡಬ್ಬಿಯಲ್ಲಿ 20 ಗುಳಿ ಇವೆ, ಎಡಕ್ಕೆ 10, ಬಲಕ್ಕೆ 10. ಅದರಲ್ಲಿ 10 ಶೇಂಗಾ, 10 ಪುಠಾಣಿ ತುಂಬಬೇಕು. ಒಟ್ಟು 1,84,756 ರೀತಿಯಲ್ಲಿ ತುಂಬಬಹುದು. ಶೇಂಗಾ ಎಲ್ಲಾ ಎಡಕ್ಕೆ, ಪುಠಾಣಿ ಎಲ್ಲಾ ಬಲಕ್ಕೆ ಬರುವ ರೀತಿ ಒಂದೇ ಒಂದು. ಕಣ್ಣು ಮುಚ್ಚಿ ಅಲ್ಲಾಡಿಸಿದರೆ ಯಾವುದು ಸಿಗುತ್ತದೆ? ತಲಾ 100 ಕಾಳು ತೆಗೆದುಕೊಂಡರೆ ರೀತಿಗಳ ಸಂಖ್ಯೆ 59 ಅಂಕಿಗಳಷ್ಟು ಉದ್ದ. ಗಿರ್ಮಿಟ್ ಕಲಸಿದ ಮೇಲೆ ಮತ್ತೆ ಕಲಸಿದರೆ ಮಂಡಕ್ಕಿ ಬೇರೆ, ಉಳ್ಳಾಗಡ್ಡಿ ಬೇರೆ ಆಗದೇ ಇರುವುದಕ್ಕೆ ಯಾವ ಶಕ್ತಿಯೂ ಅಡ್ಡ ನಿಂತಿಲ್ಲ. ಬೇರೆಯಾಗುವ ದಾರಿಗಳು ತೀರಾ ಕಡಿಮೆ, ಬೆರೆತೇ ಇರುವ ದಾರಿಗಳು ತೀರಾ ಜಾಸ್ತಿ.

ಅಣುಗಳನ್ನು ಹೀಗೆ ಎಣಿಸಿ ಎಂಟ್ರೋಪಿ ಕಂಡುಹಿಡಿಯಬಹುದು ಅಂತ 1877ರಲ್ಲಿ ತೋರಿಸಿದವರು ಲುಡ್ವಿಗ್ ಬೋಲ್ಟ್ಸ್‌ಮನ್. ವಿಯೆನ್ನಾದಲ್ಲಿ ಅವರ ಸಮಾಧಿ ಮೇಲೆ ಆ ಸೂತ್ರವನ್ನೇ ಕೆತ್ತಿದ್ದಾರೆ. ಒಂದು ಎಚ್ಚರಿಕೆ: ಕಾಳಿನ ಲೆಕ್ಕ ಎಣಿಕೆ ಕಲಿಯಲು ಮಾತ್ರ. ಒಂದು ಗುಟುಕು ಚಹಾದಲ್ಲಿರುವ ಅಣುಗಳ ಮುಂದೆ ಇಡೀ ಅಂಗಡಿಯ ಮಂಡಕ್ಕಿ ಲೆಕ್ಕಕ್ಕೇ ಇಲ್ಲ.

“ಅಲ್ರೀ ಮೇಡಮ್ಮಾರ, ಎಲ್ಲಾ ಕೆಡಕೋಂತ ಹೋಗೂದ ನಿಮ್ಮ ನಿಯಮ ಅಂತ ಮೊಮ್ಮಗ ಹೇಳ್ತಾನ. ಮತ್ತ ನಮ್ಮ ಹೊಲದಾಗ ಒಂದ ಕಾಳಿನಿಂದ ತೆನಿ ಹೆಂಗ ಬರ್ತೈತಿ?”

ನವಲಗುಂದ ಕಡೆಯ ಒಬ್ಬರು ಅಜ್ಜ, ಮೊಮ್ಮಗನ ಫೀ ಕಟ್ಟಲು ಬಂದಾಗ ಕೇಳಿದ್ದು. ಜೀವ ವಿಕಾಸ ಎರಡನೇ ನಿಯಮಕ್ಕೆ ವಿರುದ್ಧ ಅಂತ ದೊಡ್ಡ ದೊಡ್ಡವರು ವಾದ ಮಾಡುತ್ತಾರೆ. ಅವರೆಲ್ಲರ ಪ್ರಶ್ನೆಯನ್ನೂ ಅಜ್ಜ ಒಂದು ಜೋಳದ ಕಾಳಿನಲ್ಲಿ ಇಟ್ಟುಬಿಟ್ಟರು.

ಎರೆ ಹೊಲದ ಹಿಂಗಾರಿ ಜೋಳ ನೋಡಿ. ಮಳೆ ನಿಂತ ಮೇಲೆ ಮಣ್ಣಲ್ಲಿ ಉಳಿದ ಹಸಿಯ ಮೇಲೆ ಬೆಳೆಯುತ್ತದೆ. ತನ್ನಲ್ಲಿ ಒಂದು ಗ್ರಾಂ ಒಣ ತೂಕ ಕೂಡಿಸಲು ಎಲೆಗಳಿಂದ ನೂರಾರು ಗ್ರಾಂ ನೀರನ್ನು ಆವಿಯಾಗಿ ಬಿಡುತ್ತದೆ. ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಒಂದೆರಡು ಪಾಲೂ ಕಾಳು ದಂಟುಗಳಲ್ಲಿ ಉಳಿಯುವುದು ಕಷ್ಟ. ಉಳಿದದ್ದೆಲ್ಲ ಶಾಖವಾಗಿ, ಆವಿಯಾಗಿ ಹೊರಗೆ. ತೆನೆಯಲ್ಲಿ ಕಾಳು ಸಾಲಾಗಿ ಕೂತಿರುವುದನ್ನು ನೋಡಿ ನಾವು ಬೆರಗಾಗುತ್ತೇವೆ, ಹೊಲದ ಮೇಲೆ ಏರಿ ಹೋದ ಆವಿ ಕಣ್ಣಿಗೆ ಬೀಳುವುದಿಲ್ಲ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಎಂಟ್ರೋಪಿ ಏರಿದೆ.

ಹರವಿ ಹೋಲಿಕೆ ಹೇಳಿದೆ. ಅಜ್ಜ ತಲೆ ಆಡಿಸಿದರು. “ಅಂದ್ರ ಬೆಳಿ ಅಂಬೂದು ಬೆವರೂ ಹರವಿ ಇದ್ದಂಗ.” ಇದಕ್ಕಿಂತ ಚೆಂದದ ಉತ್ತರ ನನ್ನ ಯಾವ ವಿದ್ಯಾರ್ಥಿಯೂ ಬರೆದಿಲ್ಲ.

ಅಂದರೆ ಬಿಸಿಲು ಬಿದ್ದರೆ ಸಾಕು, ಎಲ್ಲಾ ತಾನಾಗಿ ಚೆಂದ ಆಗುತ್ತದಾ?

ಇಲ್ಲ! ಇದು ಜೀವ ವಿಕಾಸದ ಪರ ವಾದ ಮಾಡುವ ಎದುರು ಪಕ್ಷದವರು ಮಾಡುವ ತಪ್ಪು. ‘ಭೂಮಿ ತೆರೆದ ವ್ಯವಸ್ಥೆ, ಮುಗಿಯಿತು’ ಅಂತ ಹೇಳಿ ಎದ್ದು ಹೋಗುತ್ತಾರೆ. ಅದೇ ಬಿಸಿಲು ಬ್ಯಾಡಗಿಯಲ್ಲಿ ಕಣದ ಮೇಲೆ ಹರವಿದ ಮೆಣಸಿನಕಾಯಿ ಮೇಲೂ ಬೀಳುತ್ತದೆ. ಅವು ಒಣಗಿ ಸುಕ್ಕುಗಟ್ಟುತ್ತವೆ, ಚಿಗುರುವುದಿಲ್ಲ. ಜೋಳದ ಸಸಿಯಲ್ಲಿ ಬೆಳಕನ್ನು ಹಿಡಿದು ಸಕ್ಕರೆ ಕಟ್ಟುವ ಯಂತ್ರ ಇದೆ, ಒಣಗುತ್ತಿರುವ ಕಾಯಿಯಲ್ಲಿ ಆ ಕೆಲಸ ನಿಂತಿದೆ.

ಎರಡನೇ ನಿಯಮ ಪರವಾನಗಿ ಕೊಡುವ ಕಚೇರಿ ಇದ್ದ ಹಾಗೆ. ಮನೆ ಕಟ್ಟಬಹುದು ಅಂತ ಠಸ್ಸೆ ಒತ್ತುತ್ತದೆ. ಗೌಂಡಿ ಕೆಲಸ ಅದು ಮಾಡುವುದಿಲ್ಲ. ಆ ಯಂತ್ರ ಹೇಗೆ ಹುಟ್ಟಿತು ಅನ್ನುವುದಕ್ಕೆ ಜೀವಶಾಸ್ತ್ರ, ರಸಾಯನಶಾಸ್ತ್ರದ ಬಾಗಿಲು ಬಡಿಯಬೇಕು.

ಭೂಮಿಯ ಕಸ ಎಲ್ಲಿ ಹೋಗುತ್ತದೆ?

ಆಕಾಶಕ್ಕೆ. ಸೂರ್ಯನಿಂದ ಎಷ್ಟು ಶಕ್ತಿ ಬರುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ಭೂಮಿ ವಾಪಸ್ ಕೊಡುತ್ತದೆ. ಹಾಗಾದರೆ ನಮಗೆ ಸಿಕ್ಕಿದ್ದೇನು ಅಂತ ಕೇಳಬಹುದು. ಬರುವ ಬೆಳಕು ಸುಮಾರು 5,800 ಕೆಲ್ವಿನ್ ಬಿಸಿಯ ಸೂರ್ಯನದು. ಹೋಗುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಸರಾಸರಿ 255 ಕೆಲ್ವಿನ್‌ನದು. ನಡುವೆ ಇಪ್ಪತ್ತಕ್ಕೂ ಜಾಸ್ತಿ ಪಟ್ಟು ಅಂತರ. ಸೂರ್ಯನಿಂದ ಬಂದ ಬೆಳಕಿನ ಒಂದೊಂದು ಕಣಕ್ಕೆ, ಅಂದರೆ ಫೋಟಾನ್‌ಗೆ ಭೂಮಿ ಸುಮಾರು 20 ಸಣ್ಣ ಫೋಟಾನ್ ಹೊರಗೆ ಬಿಡುತ್ತದೆ. ನೂರರ ಒಂದು ನೋಟು ತಂದು ಐದು ರೂಪಾಯಿ ಚಿಲ್ಲರೆ ಹಂಚಿದ ಹಾಗೆ. ಮೊತ್ತ ಅದೇ, ಹಂಚುವ ದಾರಿಗಳು ಸಿಕ್ಕಾಪಟ್ಟೆ.

ಈ ನೋಟಿಗೂ ಚಿಲ್ಲರೆಗೂ ನಡುವಿನ ವ್ಯತ್ಯಾಸದಲ್ಲೇ ಗಾಳಿ, ಮಳೆ, ಜೋಳ, ನಾವು ಎಲ್ಲಾ ನಡೆದಿರುವುದು. ಸೂರ್ಯ ಇದ್ದರೆ ಸಾಲದು, ರಾತ್ರಿಯ ತಣ್ಣನೆ ಆಕಾಶವೂ ಬೇಕು.

ಮನುಷ್ಯ ಉಣ್ಣುವುದು ಶಕ್ತಿಗಾಗಿ ಅಲ್ವಾ?

ಹೌದು, ಆದರೆ ಉಂಡ ಶಕ್ತಿಯನ್ನು ಇಟ್ಟುಕೊಳ್ಳುವುದಿಲ್ಲ. ದಿನಕ್ಕೆ 2,000 ಕಿಲೋಕ್ಯಾಲರಿ ಉಣ್ಣುವವರು ಸರಾಸರಿ 97 ವ್ಯಾಟ್ ಶಾಖ ಬಿಡುತ್ತಾರೆ, ಹಳೇ ಕಾಲದ 100 ವ್ಯಾಟ್ ಬಲ್ಬಿನಷ್ಟು. ಕಲ್ಯಾಣ ಮಂಟಪದಲ್ಲಿ 500 ಮಂದಿ ಕೂತರೆ 50 ಕಿಲೋವ್ಯಾಟ್, ಅಂದರೆ 2 ಕಿಲೋವ್ಯಾಟಿನ 25 ಗೀಸರ್ ಹಚ್ಚಿಟ್ಟ ಹಾಗೆ. ಅಕ್ಷತೆ ಹೊತ್ತಿಗೆ ಎಲ್ಲರೂ ಲಗ್ನಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುವುದು ಸುಮ್ನೆ ಅಲ್ಲ.

ಬಂದಷ್ಟೇ ಶಕ್ತಿ ಹೊರಗೆ ಹೋದರೆ ಊಟದಿಂದ ಲಾಭ ಏನು? ರೊಟ್ಟಿಯಲ್ಲಿರುವ ಶಕ್ತಿ ಒಪ್ಪವಾಗಿ ಕಟ್ಟಿಟ್ಟದ್ದು, ಕೆಲಸಕ್ಕೆ ಬರುವಂಥದ್ದು. ಮೈಯಿಂದ ಹೋಗುವ ಶಾಖ ಚಿಲ್ಲರೆ. ಎರ್ವಿನ್ ಶ್ರೋಡಿಂಗರ್ 1944ರ ತಮ್ಮ ಪುಟ್ಟ ಪುಸ್ತಕದಲ್ಲಿ, ಜೀವಿಗಳು ಉಣ್ಣುವುದು ನೆಗೆಟಿವ್ ಎಂಟ್ರೋಪಿಯನ್ನು ಅಂದರು. ಭೌತವಿಜ್ಞಾನಿಗಳು ತಕರಾರು ತೆಗೆದರು. ಬರೀ ಅವರಿಗಾಗಿ ಬರೆದಿದ್ದರೆ ಫ್ರೀ ಎನರ್ಜಿ (ಕೆಲಸಕ್ಕೆ ಬರುವ ಶಕ್ತಿ) ಅನ್ನುತ್ತಿದ್ದೆ ಅಂತ ಶ್ರೋಡಿಂಗರ್ ಟಿಪ್ಪಣಿ ಸೇರಿಸಬೇಕಾಯಿತು. ನನಗೂ ಫ್ರೀ ಎನರ್ಜಿಯೇ ಸರಿ ಅನಿಸುತ್ತದೆ. ನೆಗೆಟಿವ್ ಎಂಟ್ರೋಪಿ ಅನ್ನುವ ಮಾತು ಈಗ ಮ್ಯಾಗ್ನೆಟ್ ಬಳೆ ಮಾರುವವರ ಬಾಯಿಗೂ ಬಿದ್ದಿದೆ.

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಎಂಟ್ರೋಪಿಯನ್ನು ನಿಲ್ಲಿಸುತ್ತದಾ?

ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಇರುವುದು ಖಾರಕ್ಕಿಂತ ಬಣ್ಣಕ್ಕೆ. ಆ ಕೆಂಪು ಗಾಳಿ, ಬೆಳಕು, ಬಿಸಿಗೆ ಮಾಸುತ್ತಾ ಹೋಗುತ್ತದೆ. ಇಂಥ ರಾಸಾಯನಿಕ ಕ್ರಿಯೆಗಳು 10 ಡಿಗ್ರಿ ಇಳಿದರೆ ಹೆಚ್ಚುಕಡಿಮೆ ಅರ್ಧ ವೇಗಕ್ಕೆ ಬರುತ್ತವೆ. ಅಂದರೆ ಮೂರನೇ ಕಲಮಿನಲ್ಲಿ ನಿಧಾನಕ್ಕೆ ತುಂಬುತ್ತದೆ. ಅದಕ್ಕೆ ಕರೆಂಟ್ ಬಿಲ್ಲು ಕಟ್ಟಬೇಕು, ಗೋದಾಮಿನ ಹೊರಗೆ ಬಿಸಿ ಗಾಳಿ ಊದಬೇಕು.

ಕರೆಂಟ್, ಜೀವ ಏನೂ ಇಲ್ಲದೆ ಅಚ್ಚುಕಟ್ಟು ಬರುವುದುಂಟಾ?

ಉಂಟು. ಗಟ್ಟಿ ಪಾಕದಲ್ಲಿ ದಾರ ಇಳಿಬಿಟ್ಟರೆ ಕೆಲವು ದಿನಕ್ಕೆ ಕಲ್ಲುಸಕ್ಕರೆ ಕಟ್ಟುತ್ತದೆ. ಒಂದೊಂದು ಹರಳೂ ನೇರ ಅಂಚು, ಸಪಾಟು ಮುಖ. ತೆಳುವಾದ ಎಣ್ಣೆ ಪದರವನ್ನು ಕೆಳಗಿನಿಂದ ಸಮನಾಗಿ ಕಾಯಿಸಿದರೆ ಒಂದು ಹಂತದಲ್ಲಿ ಅದು ಜೇನುಗೂಡಿನ ಹಾಗೆ ಆರು ಮೂಲೆಯ ಗೂಡುಗಳಾಗಿ ಒಡೆದು ಸುತ್ತಲು ಶುರು ಮಾಡುತ್ತದೆ. ಫ್ರಾನ್ಸಿನ ಆನ್ರಿ ಬೆನಾರ್ 1900ರಲ್ಲಿ ಇಂಥ ಗೂಡುಗಳನ್ನು ವಿವರವಾಗಿ ಬರೆದಿಟ್ಟರು. ಒಲೆ ಆರಿಸಿ ನೋಡಿ, ಗೂಡು ಮಾಯ. ಹರಳಿಗೂ ಗೂಡಿಗೂ ವ್ಯತ್ಯಾಸ ಇಲ್ಲೇ ಇದೆ. ಹರಳು ಒಮ್ಮೆ ಕಟ್ಟಿದರೆ ನಿಲ್ಲುತ್ತದೆ. ಗೂಡು ಹರಿವು ಇರುವ ತನಕ ಮಾತ್ರ. ಇಂಥವನ್ನೇ ಪ್ರಿಗೊಜಿನ್ ಡಿಸಿಪೇಟಿವ್ ಸ್ಟ್ರಕ್ಚರ್ ಅಂತ ಕರೆದರು. ನಾವೂ ಎರಡನೇ ಜಾತಿಯವರು.

ಗದಗಿನ ಬೇಸಿಗೆಯಲ್ಲಿ ಗಾಳಿ ತುಂಬಾ ಶಾಖ ಇರುತ್ತದಲ್ಲ. ಅದರಿಂದ ನೇರವಾಗಿ ಕರೆಂಟ್ ತೆಗೆಯಬಾರದೇಕೆ?

ಸುತ್ತಲೂ ಒಂದೇ ಬಿಸಿ ಇದ್ದರೆ ಒಂದು ಹನಿ ಕೆಲಸವೂ ಹುಟ್ಟುವುದಿಲ್ಲ. 1851ರಲ್ಲೇ ಕೆಲ್ವಿನ್ ಇದನ್ನು ನಿಯಮವಾಗಿ ಹೇಳಿದರು. ಬಿಸಿ ಕಡೆ ಒಂದು, ತಣ್ಣನೆ ಕಡೆ ಒಂದು ಬೇಕು. ಕಪ್ಪತಗುಡ್ಡದ ಕಡೆ ಹೋದರೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಆ ಗಾಳಿ ಹುಟ್ಟಿದ್ದು ನೆಲ ಒಂದು ಕಡೆ ಕಾದು, ಕಡಲು ಇನ್ನೊಂದು ಕಡೆ ತಂಪಾಗಿ ಇದ್ದದ್ದರಿಂದ. ಹಾಗಾಗಿ ಗದಗಿನ ಬಿಸಿಯಿಂದ ಈಗಲೂ ಕರೆಂಟ್ ತೆಗೆಯುತ್ತಿದ್ದೇವೆ, ಅರಬ್ಬಿ ಸಮುದ್ರವನ್ನು ಜೊತೆಗೆ ಸೇರಿಸಿಕೊಂಡು.

ಎರಡನೇ ನಿಯಮ ಒಮ್ಮೆಯೂ ತಪ್ಪುವುದಿಲ್ಲವಾ?

ಬಹಳ ಸಣ್ಣ ವಸ್ತುವಿನಲ್ಲಿ, ಬಹಳ ಕಡಿಮೆ ಹೊತ್ತು, ಲೆಕ್ಕ ಉಲ್ಟಾ ಹೊಡೆಯಬಹುದು. ನೀರಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಯನ್ನು ಲೇಸರಿನಿಂದ ಹಿಡಿದು, 2002ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇದನ್ನು ಅಳೆದೇ ತೋರಿಸಿದರು. ಎಣಿಕೆಯ ನಿಯಮ ಅಲ್ವಾ, ನಾಲ್ಕು ಕಾಳಿದ್ದರೆ ಒಮ್ಮೊಮ್ಮೆ ತಾನಾಗಿ ಬೇರೆಯಾಗುತ್ತವೆ. ಹರವಿಯಷ್ಟು ನೀರಿನಲ್ಲಿ ಆಗುತ್ತದೆ ಅಂತ ಕಾಯುತ್ತಾ ಕೂರಬೇಡಿ.

ಬ್ರಹ್ಮಾಂಡದ ಎಂಟ್ರೋಪಿ ತುಂಬಿ ಎಲ್ಲಾ ಒಂದು ದಿನ ನಿಂತುಹೋಗುತ್ತದಂತೆ?

ಆ ದಿನಕ್ಕೆ ಇನ್ನೂ ಕೋಟಿ ಕೋಟಿ ವರ್ಷ ಇದೆ. ನಿಮ್ಮ ಪರೀಕ್ಷೆ ಮಾರ್ಚಿನಲ್ಲಿ ಇದೆ.

ಪರೀಕ್ಷೆಯಲ್ಲಿ ಎಲ್ಲಿ ಅಂಕ ಹೋಗುತ್ತದೆ?

ಗಡಿ ಎಲ್ಲಿ ಅಂತ ಬರೆಯದೆ ಲೆಕ್ಕ ಶುರು ಮಾಡುವುದರಲ್ಲಿ. ಮೊದಲು ಒಂದು ಚೌಕ ಎಳೆಯಿರಿ, ಏನೇನು ದಾಟುತ್ತಿದೆ ಅಂತ ಬಾಣ ಹಾಕಿ. ಆಮೇಲೆ ಸೆಲ್ಸಿಯಸ್‌ನಲ್ಲಿ ಭಾಗಿಸಬೇಡಿ. ಸೊನ್ನೆ ಡಿಗ್ರಿಯ ಐಸ್ ಕರಗುವ ಲೆಕ್ಕದಲ್ಲಿ ಒಂದು ಗ್ರಾಂ ಕರಗಲು ಬೇಕಾದ 334 ಜೂಲನ್ನು ಸೊನ್ನೆಯಿಂದ ಭಾಗಿಸಿ ‘ಅನಂತ’ ಅಂತ ಬರೆದ ಪೇಪರ್ ನನ್ನ ಹತ್ತಿರ ಇದೆ. 273ರಿಂದ ಭಾಗಿಸಿ, ಗ್ರಾಂಗೆ 1.22 ಜೂಲ್ ಪ್ರತಿ ಕೆಲ್ವಿನ್ ಬರುತ್ತದೆ.

ಹರವಿಗೆ ಬಣ್ಣ ಹಚ್ಚಬಹುದಾ?

ಇದನ್ನು ನಾನೇ ಸೇರಿಸಿದ್ದು, ಯಾರೂ ಕೇಳಿಲ್ಲ. ಎರಡು ವರ್ಷದ ಹಿಂದೆ ಸಂತೆಯಿಂದ ಹೊಸ ಹರವಿ ತಂದೆ. ಬರೀ ಮಣ್ಣಿನ ಬಣ್ಣ ಅಂತ ಬೇಜಾರಾಗಿ ಉಳಿದಿದ್ದ ಹಸಿರು ಆಯಿಲ್ ಪೇಂಟ್ ಎರಡು ಕೋಟ್ ಹಚ್ಚಿ, ಮೇಲೆ ಬಿಳಿ ಚುಕ್ಕೆ ಇಟ್ಟು ಕಸೂತಿ ಥರ ಗೋಪುರ ಬರೆದೆ. ನೋಡಿದವರೆಲ್ಲ ಹೊಗಳಿದರು. ಏಪ್ರಿಲ್ ಬಂತು. ಸಂಜೆ ನೀರು ಕುಡಿದರೆ ಟ್ಯಾಂಕಿನದೇ ಬಿಸಿ. ಮೂರು ದಿನ ಮಣ್ಣು ಸರಿ ಇಲ್ಲ ಅಂತ ಕುಂಬಾರರನ್ನು ಬೈದುಕೊಂಡೆ. ನಾಲ್ಕನೇ ದಿನ ಹರವಿ ಮೈ ಸವರಿದೆ. ಒಂದು ಹನಿ ಒದ್ದೆ ಇಲ್ಲ, ಒಣ ಒಣ. ರಂಧ್ರಗಳನ್ನೆಲ್ಲ ನಾನೇ ಮುಚ್ಚಿದ್ದೆ. ತೆರೆದ ವ್ಯವಸ್ಥೆಯನ್ನು ಮುಚ್ಚಿದ ವ್ಯವಸ್ಥೆ ಮಾಡಿದ್ದು, ಅದೂ ಇಪ್ಪತ್ತು ವರ್ಷ ಇದೇ ಪಾಠ ಹೇಳಿದ ಮೇಲೆ.

ಈಗ ಅದರಲ್ಲಿ ಮನಿ ಪ್ಲಾಂಟ್ ಇದೆ. ನೀರಿಗೆ ಬೇರೆ ಹರವಿ ತಂದಿದ್ದೇನೆ, ಮಣ್ಣಿನ ಬಣ್ಣದ್ದೇ.